ವೈರಲ್ ಲೋಡ್ ಏನೂ ಇಲ್ಲ, ಆದರೆ ಸಿಡಿ4 ಮಾತ್ರ ಇಳಿದಿದೆ. ಯಾವುದನ್ನು ನಂಬೋದು?

ಬಯಲುಸೀಮೆ_ಬಸು
ಎಲ್ಲರಿಗೂ ನಮಸ್ಕಾರ. ನಾನು ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ಶುರು ಮಾಡಿ ವರ್ಷಗಳಾದವು. ಈಗ ಕೊಡುತ್ತಿರುವುದು ಟಿಎಲ್‌ಡಿ, ಡೊಲುಟೆಗ್ರಾವಿರ್ ಸೇರಿ ಮೂರು ಮದ್ದು ಒಂದೇ ಮಾತ್ರೆಯಲ್ಲಿ. ರಾತ್ರಿ ಊಟ ಆದಮೇಲೆ ಒಂದೇ ಮಾತ್ರೆ, ತಪ್ಪಿಸುವುದಿಲ್ಲ. ನಮ್ಮ ಸೆಂಟರಿನಲ್ಲಿ ಮೊದಲು ಆರು ತಿಂಗಳಿಗೊಮ್ಮೆ ಸಿಡಿ4, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆಗೆ ರಕ್ತ ತೆಗೆಯುತ್ತಿದ್ದರು. ಕೊನೆಯ ಸಲ 612 ಬಂದಿತ್ತು. ಆಮೇಲೆ "ನಿಮಗೆ ಇನ್ನು ಸಿಡಿ4 ಬೇಡ, ವರ್ಷಕ್ಕೊಮ್ಮೆ ವೈರಲ್ ಲೋಡ್ ಸಾಕು" ಅಂದರು. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ಆ ವೈರಲ್ ಲೋಡ್ ರಿಪೋರ್ಟಿನಲ್ಲಿ ಟಾರ್ಗೆಟ್ ನಾಟ್ ಡಿಟೆಕ್ಟೆಡ್, ಅಂದರೆ ವೈರಸ್ ಪತ್ತೆಯಾಗಿಲ್ಲ ಅಂತ ಇದೆ. ಆದರೂ ಮನಸ್ಸು ತಡೆಯಲಿಲ್ಲ. ಹೊರಗೆ ಲ್ಯಾಬಿನಲ್ಲಿ ಕೈಯಿಂದ ದುಡ್ಡು ಹಾಕಿ ಸಿಡಿ4 ಮಾಡಿಸಿದೆ. 468 ಬಂತು! 144 ಎಲ್ಲಿ ಹೋಯ್ತು? ವೈರಸ್ಸೇ ಕಾಣುತ್ತಿಲ್ಲ ಅನ್ನುತ್ತಾರೆ, ಹಾಗಾದರೆ ಈ ಜೀವಕೋಶಗಳನ್ನು ತಿಂದವರು ಯಾರು? ನಿದ್ದೆ ಬರುತ್ತಿಲ್ಲ. ತಿಳಿದವರು ಹೇಳಿ.

ತುಂಗಾತೀರ
ನನ್ನದೂ ಇದೇ ಪ್ರಶ್ನೆ. ನಮ್ಮ ಕಡೆಯೂ ಸಿಡಿ4 ನಿಲ್ಲಿಸಿದ್ದಾರೆ. ಕಿಟ್ ದುಡ್ಡು ಉಳಿಸೋಕೆ ಅಂತ ಕ್ಯೂನಲ್ಲಿ ನಿಂತವರೆಲ್ಲ ಮಾತಾಡಿಕೊಳ್ಳುತ್ತಾರೆ. ಮೊದಲೆಲ್ಲ ಸಿಡಿ4 ಸಿಡಿ4 ಅಂತ ಇವರೇ ತಲೆಗೆ ತುಂಬಿದರು, ಈಗ ಅದು ಬೇಡ ಅಂದರೆ ನಾವು ಏನು ತಿಳಿಯಬೇಕು?

ಲ್ಯಾಬ್_ಮಂಜ
ಬಸಣ್ಣಾರ, ಗಾಬರಿ ಆಗಬೇಡಿ. ಮೊದಲು ಮೂರು ವಿಷಯ ಹೇಳಿ. ರಕ್ತ ಕೊಟ್ಟದ್ದು ಎಷ್ಟು ಹೊತ್ತಿಗೆ? ಅದಕ್ಕೂ ಮೊದಲು ಜ್ವರ ಗಿರ ಏನಾದರೂ ಬಂದಿತ್ತಾ? ರಿಪೋರ್ಟಿನಲ್ಲಿ ಸಿಡಿ4 ಸಂಖ್ಯೆಯ ಕೆಳಗೆ ಶೇಕಡಾ ಅಂತ ಇನ್ನೊಂದು ಸಾಲು ಇರುತ್ತದೆ, ಅದು ಎಷ್ಟಿದೆ? ಹಳೇ ರಿಪೋರ್ಟಿನದೂ ಬೇಕು.

ಬಯಲುಸೀಮೆ_ಬಸು
ಹಳೆಯದು ಮುಂಜಾನೆ ಬೇಗ ಕೊಟ್ಟದ್ದು. ಈ ಸಲ ಕೆಲಸ ಮುಗಿಸಿ ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ. ಜ್ವರ ಬಂದಿತ್ತು ರೀ, ಮೈಕೈ ನೋವು ಹಿಡಿದು ನಾಲ್ಕು ದಿನ ಮಲಗಿದ್ದೆ, ಅದು ಬಿಟ್ಟ ಮೇಲೇ ರಕ್ತ ಕೊಟ್ಟದ್ದು. ಶೇಕಡಾ ಸಾಲು ನಾನು ನೋಡೇ ಇರಲಿಲ್ಲ. ಹಳೆಯದರಲ್ಲಿ 29, ಹೊಸದರಲ್ಲಿ 28.

ಲ್ಯಾಬ್_ಮಂಜ
ಉತ್ತರ ನಿಮ್ಮ ರಿಪೋರ್ಟಿನಲ್ಲೇ ಇದೆ ನೋಡಿ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಅಂತ ಒಂದು ಜಾತಿ. ಅದರೊಳಗೆ ಒಂದು ಗುಂಪು ಸಿಡಿ4 ಕೋಶಗಳು. ಎಚ್‌ಐವಿ ಒಳಗೆ ನುಗ್ಗುವುದು ಈ ಕೋಶದ ಮೈಮೇಲಿರುವ ಸಿಡಿ4 ಅನ್ನೋ ಪ್ರೋಟೀನನ್ನು ಹಿಡಿದುಕೊಂಡೇ. ಶೇಕಡಾ ಅಂದರೆ ನೂರು ಲಿಂಫೋಸೈಟ್‌ಗಳಲ್ಲಿ ಸಿಡಿ4 ಎಷ್ಟು ಅಂತ. ನಿಮ್ಮ ಹಳೇ ಲೆಕ್ಕ: 612, ಶೇ. 29. ಅಂದರೆ ಒಟ್ಟು ಲಿಂಫೋಸೈಟ್ ಸುಮಾರು 2,110. ಹೊಸದು: 468, ಶೇ. 28. ಒಟ್ಟು ಸುಮಾರು 1,670. ಗೊತ್ತಾಯ್ತಾ? ಕಡಿಮೆ ಆಗಿರುವುದು ಒಟ್ಟು ಲಿಂಫೋಸೈಟ್. ಅದರಲ್ಲಿ ಸಿಡಿ4 ಪಾಲು ಹಾಗೇ ಇದೆ. ವೈರಸ್ ತಿಂದಿದ್ದರೆ ಪಾಲೇ ಇಳಿಯಬೇಕಿತ್ತು. ವೈರಲ್ ಜ್ವರ ಬಂದು ಹೋದಾಗ ಲಿಂಫೋಸೈಟ್ ಇಳಿಯುವುದು ಎಲ್ಲರಲ್ಲೂ ಉಂಟು, ಎಚ್‌ಐವಿ ಇಲ್ಲದವರಲ್ಲೂ.

ಇನ್ನು ಹೊತ್ತು. ಸಿಡಿ4 ದಿನವಿಡೀ ಒಂದೇ ಸಮ ಇರುವುದಿಲ್ಲ. ಮಧ್ಯಾಹ್ನದ ಸುಮಾರಿಗೆ ಕಡಿಮೆ, ಸಂಜೆ ರಾತ್ರಿ ಹೊತ್ತಿಗೆ ಜಾಸ್ತಿ. ನೀವು ಸರಿಯಾಗಿ ಕಡಿಮೆ ಇರೋ ಹೊತ್ತಿಗೇ ಹೋಗಿ ಕೈ ಚಾಚಿದ್ದೀರಿ. ಜೊತೆಗೆ ಮಷೀನೂ ಬೇರೆ, ಲ್ಯಾಬೂ ಬೇರೆ. ಸಂಖ್ಯೆ ಸುಮಾರು ಶೇ. 30ರಷ್ಟು ಏರಿದರೆ ಅಥವಾ ಇಳಿದರೆ ಮಾತ್ರ ಅದನ್ನು ನಿಜವಾದ ಬದಲಾವಣೆ ಅಂತ ಎಣಿಸುತ್ತಾರೆ, ಶೇಕಡಾ ಸಾಲಾದರೆ 3 ಅಂಕ. ನಿಮ್ಮದು ಶೇ. 24ರೊಳಗೆ ಇದೆ, ಪಾಲಿನಲ್ಲಿ 1 ಅಂಕ ಅಷ್ಟೇ.

ಲ್ಯಾಬಿನೊಳಗೆ ಏನಾಗುತ್ತದೆ ಅನ್ನುವುದನ್ನೂ ಹೇಳುತ್ತೇನೆ, ಯಾಕಂದರೆ ಜನ ಈ ಸಂಖ್ಯೆಯನ್ನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಥರ ನೋಡುತ್ತಾರೆ. ನಾನು ಕೆಲಸ ಕಲಿತದ್ದು ಫ್ಯಾಕ್ಸ್‌ಕೌಂಟ್ ಮಷೀನಿನಲ್ಲಿ. ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಹಾಕಿದ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಬರುತ್ತದೆ. ತೆಗೆದ ಕೂಡಲೇ ಅದನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಇಲ್ಲದಿದ್ದರೆ ಒಳಗೆ ಸಣ್ಣ ಗೆಡ್ಡೆ ಕಟ್ಟುತ್ತದೆ, ಆ ಗೆಡ್ಡೆಯೊಳಗೆ ಕೋಶಗಳು ಸಿಕ್ಕಿಕೊಳ್ಳುತ್ತವೆ. ಫ್ರಿಜ್ಜಿನಲ್ಲಿ ಇಡುವ ಹಾಗಿಲ್ಲ. ರೂಮಿನ ತಾಪಮಾನದಲ್ಲೇ ಇರಬೇಕು, 48 ಗಂಟೆಯೊಳಗೆ ಪರೀಕ್ಷೆ ಆಗಬೇಕು. ಅದರಿಂದ ಬರೀ 50 ಮೈಕ್ರೋಲೀಟರ್ ರಕ್ತ ಪಿಪೆಟ್‌ನಲ್ಲಿ ತೆಗೆದು ರೀಏಜೆಂಟ್ ಟ್ಯೂಬಿಗೆ ಹಾಕುತ್ತೇವೆ. ಸುಮಾರು ಒಂದು ಹನಿ ಅಷ್ಟೇ ಅದು. ಪಿಪೆಟ್ ತುದಿಯ ಹೊರಗಡೆ ಅಂಟಿದ ರಕ್ತ ಒರೆಸದೆ ಹಾಕಿದರೆ ಅಷ್ಟು ಹೆಚ್ಚು ರಕ್ತ ಹೋಯ್ತು, ಲೆಕ್ಕ ಕೆಟ್ಟಿತು. ರೀಏಜೆಂಟಿನಲ್ಲಿ ಬಣ್ಣ ಬೆಳಗುವ ಆಂಟಿಬಾಡಿ ಇರುತ್ತದೆ, ಅದು ಸಿಡಿ4 ಕೋಶಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಕತ್ತಲಲ್ಲಿ ಒಂದು ಗಂಟೆ ಇಡಬೇಕು, ಬೆಳಕು ಬಿದ್ದರೆ ಬಣ್ಣ ಮಂಕಾಗುತ್ತದೆ. ಆಮೇಲೆ ಮಷೀನು ಕೋಶಗಳನ್ನು ಸಾಲಾಗಿ ಲೇಸರ್ ಮುಂದೆ ಹಾಯಿಸಿ, ಹೊಳೆದದ್ದನ್ನು ಎಣಿಸುತ್ತದೆ. ಅದೇ ಟ್ಯೂಬಿನಲ್ಲಿ ಇಷ್ಟೇ ಅಂತ ಮೊದಲೇ ಎಣಿಸಿಟ್ಟ ಸಣ್ಣ ಮಣಿಗಳೂ ಇರುತ್ತವೆ. ಮಣಿ ಎಷ್ಟು ಹಾದವು, ಕೋಶ ಎಷ್ಟು ಹಾದವು ಅನ್ನೋ ತಾಳೆಯ ಮೇಲೆ ನಿಮ್ಮ ಸಂಖ್ಯೆ ಬರುವುದು.

ಕೆಲವು ಲ್ಯಾಬಿನಲ್ಲಿ ಮಣಿ ಇಲ್ಲದೆ ಶೇಕಡಾ ಒಂದು ಮಷೀನಿನಲ್ಲಿ, ಒಟ್ಟು ಲಿಂಫೋಸೈಟ್ ಇನ್ನೊಂದರಲ್ಲಿ ತೆಗೆದು ಗುಣಿಸುತ್ತಾರೆ. ಎರಡು ಮಷೀನಿನ ಹೆಚ್ಚುಕಮ್ಮಿ ಎರಡೂ ಸೇರಿಕೊಳ್ಳುತ್ತದೆ. ಹಾಗಾಗಿ 612 ಅಂದರೆ ನಿಖರವಾಗಿ 612 ಅಲ್ಲ. ಅದೇ ದಿನ ಅದೇ ಕೈಯಿಂದ ಎರಡು ಟ್ಯೂಬ್ ತೆಗೆದು ಕೊಟ್ಟರೂ ಎರಡು ಬೇರೆ ಸಂಖ್ಯೆ ಬರಬಹುದು.

ಬಯಲುಸೀಮೆ_ಬಸು
ಇಷ್ಟು ವಿವರ ನನಗೆ ಯಾರೂ ಹೇಳಿರಲಿಲ್ಲ. ಮಣಿ ವಿಷಯ ಓದಿ ಇನ್ನೊಂದು ಸಲ ಓದಿದೆ. ಪಾಲು ಹಾಗೇ ಇದೆ ಅನ್ನುವುದು ಅರ್ಥ ಆಯ್ತು.

ಹೊಸಪೇಟೆ_ಹುಡುಗ
ಹೊರಗಿನ ಲ್ಯಾಬ್ ಅಂದಾಗ ನನ್ನ ಕತೆ ಹೇಳಲೇಬೇಕು. ಹೆಸರು ಬೇಡ. ಸಂಜೆ ಮನೆಗೇ ಬಂದು ರಕ್ತ ತಗೊಂಡು ಹೋದರು, ಐಸ್ ಪ್ಯಾಕ್ ಇದ್ದ ಡಬ್ಬಿಯೊಳಗೆ ಹಾಕಿಕೊಂಡು. ಬೇರೆ ಊರಿನ ದೊಡ್ಡ ಲ್ಯಾಬಿಗೆ ಕೊರಿಯರ್ ಹೋಗಬೇಕಂತೆ. ನಡುವೆ ಭಾನುವಾರ ಬೇರೆ ಬಂತು. ರಿಪೋರ್ಟ್ ಬಂದಾಗ 210. ಮನೆಯಲ್ಲಿ ಅಳು. ಎಆರ್‌ಟಿ ಸೆಂಟರಿಗೆ ಓಡಿದರೆ ಡಾಕ್ಟರು ಆ ಹಾಳೆಯನ್ನು ಪಕ್ಕಕ್ಕೆ ಸರಿಸಿ ಅಲ್ಲೇ ಮತ್ತೆ ರಕ್ತ ತೆಗೆಸಿದರು. 480. ಲ್ಯಾಬಿನವರಿಗೆ ಫೋನ್ ಮಾಡಿ ಕೇಳಿದರೆ "ರಿಪೋರ್ಟನ್ನು ನಿಮ್ಮ ಡಾಕ್ಟರಿಗೆ ತೋರಿಸಿ" ಅಂದರು, ಅಷ್ಟೇ. ಇನ್ನೊಂದು, ಕವರ್ ಮೇಲೆ ಪರೀಕ್ಷೆಯ ಹೆಸರು ದಪ್ಪಕ್ಷರದಲ್ಲಿ ಬರೆದು ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗಿದ್ದರು. ಅದು ಅದಕ್ಕಿಂತ ಜಾಸ್ತಿ ನೋವು.

ಲ್ಯಾಬ್_ಮಂಜ
ಐಸ್ ಪ್ಯಾಕು, ಅದರ ಮೇಲೆ ಭಾನುವಾರ. ಅಲ್ಲಿಗೆ ಮುಗಿಯಿತು. ಸರ್ಕಾರಿ ಸಿಡಿ4 ಲ್ಯಾಬಿಗೆ ಪುಣೆಯ ನಾರಿ (ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ) ಕಡೆಯಿಂದ ತಾಳೆ ನೋಡುವ ಸ್ಯಾಂಪಲ್ ಬರುತ್ತಿದ್ದವು. ಎಷ್ಟು ಬರಬೇಕು ಅನ್ನುವುದು ನಮಗೆ ಗೊತ್ತಿರುವುದಿಲ್ಲ, ನಾವು ಮಾಡಿ ಕಳಿಸಬೇಕು, ತಪ್ಪಿದರೆ ಕೇಳುತ್ತಾರೆ. ಹೊರಗೆ ಮಾಡಿಸುವವರು ಈ ಥರ ಹೊರಗಿನ ತಪಾಸಣೆ ಇದೆಯಾ ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ದೀಪಾ_ಕೌನ್ಸೆಲರ್
ಕವರ್ ವಿಷಯಕ್ಕೆ ಒಂದು ಮಾತು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಸ್ಥಿತಿಯನ್ನು ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ತಿಳಿಸುವ ಹಾಗಿಲ್ಲ. ಬಾಯಲ್ಲಿ ಹೇಳದೆ ಕವರ್ ಮೇಲೆ ಬರೆದರೂ ಅದು ತಿಳಿಸಿದ ಹಾಗೇ. ದೂರು ಕೊಡಬಹುದು.

ಈಗ ತುಂಗಾತೀರ ಅವರು ಕೇಳಿದ್ದಕ್ಕೆ ಬರುತ್ತೇನೆ. ಸಿಡಿ4 ಅನ್ನು ಜನರ ತಲೆಗೆ ತುಂಬಿದ್ದು ನಾವೇ, ನಿಜ. ಅದಕ್ಕೆ ಕಾರಣ ಇತ್ತು. ಸರ್ಕಾರದ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ಕ್ಕೆ. ಆಗ ಮಾತ್ರೆ ಎಲ್ಲರಿಗೂ ಇರಲಿಲ್ಲ. 200ಕ್ಕಿಂತ ಕೆಳಗೆ ಇಳಿದವರಿಗೆ, ಅಥವಾ ಕಾಯಿಲೆ ಜೋರಾಗಿದ್ದವರಿಗೆ. ಸಿಡಿ4 ರಿಪೋರ್ಟ್ ಅಂದರೆ ಮಾತ್ರೆಯ ಬಾಗಿಲು ತೆಗೆಯುವ ಚೀಟಿ. ಇನ್ನೊಂದು ಜಿಲ್ಲೆಯಿಂದ ರಾತ್ರಿ ಬಸ್ ಹತ್ತಿ ಬಂದವರಿಗೆ "ನಿಮಗೆ 260 ಇದೆ, ಆರು ತಿಂಗಳು ಬಿಟ್ಟು ಬನ್ನಿ" ಅಂತ ಹೇಳಿ ಕಳಿಸುವ ಕೆಲಸ ನಮ್ಮದು. ಒಳ್ಳೆ ಸುದ್ದಿ ಹೇಳುತ್ತಿದ್ದೇವೋ ಕೆಟ್ಟ ಸುದ್ದಿಯೋ ನಮಗೇ ತಿಳಿಯುತ್ತಿರಲಿಲ್ಲ. ಗಂಡನಿಗೆ 180, ಹೆಂಡತಿಗೆ 240. ಗಂಡನಿಗೆ ಮಾತ್ರೆ, ಹೆಂಡತಿಗೆ ಕಾಯುವ ಸರದಿ. ಆಕೆ ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ: "ಮೇಡಂ, ನಾನು ಊಟ ಬಿಟ್ಟರೆ ಇಳಿಯುತ್ತದಾ?" ಆರು ತಿಂಗಳ ನಂತರ ಬನ್ನಿ ಅಂದವರಲ್ಲಿ ಎಷ್ಟೋ ಜನ ತಿರುಗಿ ಬರಲಿಲ್ಲ. ಕೆಲವರು ಬಂದದ್ದು ಸ್ಟ್ರೆಚರ್ ಮೇಲೆ, ಟಿಬಿ ಹಿಡಿದ ಮೇಲೆ.

ಆಮೇಲೆ ಮಿತಿ ಮೇಲೇರುತ್ತಾ ಹೋಯಿತು. 350, ಆಮೇಲೆ 500. 2017ರಿಂದ ಮಿತಿಯೇ ಇಲ್ಲ. ಎಚ್‌ಐವಿ ಇದೆ ಅಂತ ಖಚಿತ ಆದರೆ ಸಿಡಿ4 ಎಷ್ಟೇ ಇರಲಿ, ಮಾತ್ರೆ ಶುರು. ಹಾಗಾಗಿ ಆ ಚೀಟಿಯ ಕೆಲಸ ಮುಗಿಯಿತು. ಜನರ ಮನಸ್ಸಿನಲ್ಲಿ ಮಾತ್ರ ಸಿಡಿ4 ಇನ್ನೂ ಅದೇ ಗದ್ದುಗೆಯ ಮೇಲೆ ಕೂತಿದೆ. ಇಬ್ಬರು ಸಿಕ್ಕರೆ ಮೊದಲು ಕೇಳುವುದೇ "ನಿಂದು ಎಷ್ಟು?" ಅಂತ. ಜಾಸ್ತಿ ಇದ್ದವನು ಕಾಲರ್ ಎತ್ತಿಕೊಂಡು ಓಡಾಡುತ್ತಾನೆ.

ತುಂಗಾತೀರ
ಮೇಡಂ, ಒಪ್ಪಿದೆ. ಶುರು ಮಾಡೋಕೆ ಬೇಡ. ಆದರೆ ಶುರು ಮಾಡಿದ ಮೇಲೆ ಮದ್ದು ಕೆಲಸ ಮಾಡುತ್ತಿದೆಯಾ ಅಂತ ನೋಡೋಕೆ ಬೇಕಲ್ಲ? ದುಡ್ಡು ಉಳಿಸೋದೇ ಅಲ್ಲ ಅಂತ ಯಾಕೆ ನಂಬಬೇಕು?

ಮೆಡಿಸಿನ್_ಪಿಜಿ
ನಂಬಬೇಡಿ ಸಾರ್, ಕಾರಣ ಕೇಳಿ. ನೈಟ್ ಡ್ಯೂಟಿ ನಡುವೆ ಬರೆಯುತ್ತಿದ್ದೇನೆ, ತಪ್ಪಕ್ಷರ ಇದ್ದರೆ ಓದಿಕೊಳ್ಳಿ.

ಮದ್ದು ಸೋಲಲು ಶುರುವಾದಾಗ ಮೊದಲು ಏರುವುದು ವೈರಸ್. ಸಿಡಿ4 ಇಳಿಯುವುದು ಎಷ್ಟೋ ತಿಂಗಳ ನಂತರ. ವೈರಲ್ ಲೋಡ್ ಎಲ್ಲ ಕಡೆ ಸಿಗದಿದ್ದ ಕಾಲದಲ್ಲಿ ಸಿಡಿ4 ನೋಡಿಯೇ ಮದ್ದು ಸೋತಿದೆಯಾ ಅಂತ ತೀರ್ಮಾನ ಮಾಡುತ್ತಿದ್ದರು. ಏರಿದ್ದ ಗರಿಷ್ಠ ಮಟ್ಟದಿಂದ ಅರ್ಧಕ್ಕೆ ಇಳಿದರೆ, ಅಥವಾ ಮಾತ್ರೆಗೆ ಮುಂಚಿನ ಮಟ್ಟಕ್ಕೆ ವಾಪಸ್ ಬಂದರೆ ಸೋತಿದೆ ಅಂತ. ಇದರಲ್ಲಿ ಎರಡು ಕಡೆಯಿಂದ ಪೆಟ್ಟು. ಕೆಲವರಿಗೆ ವೈರಸ್ ಸಾವಿರಗಟ್ಟಲೆ ಏರಿದ್ದರೂ ಸಿಡಿ4 ಚೆನ್ನಾಗೇ ಕಾಣುತ್ತಿತ್ತು, ಸೋತ ಮಾತ್ರೆಯನ್ನೇ ನುಂಗುತ್ತಾ ವೈರಸ್ಸಿಗೆ ಇನ್ನಷ್ಟು ಮದ್ದುಗಳನ್ನು ಎದುರಿಸಲು ಕಲಿಸುತ್ತಿದ್ದರು. ಇನ್ನು ಕೆಲವರಿಗೆ ವೈರಸ್ ಪೂರ್ತಿ ಅಡಗಿದ್ದರೂ ಸಿಡಿ4 ಏರುತ್ತಿರಲಿಲ್ಲ, ತಡವಾಗಿ ಶುರು ಮಾಡಿದವರಲ್ಲಿ ಇದು ಜಾಸ್ತಿ. ಅವರಿಗೆ ಸುಮ್ನೆ ಮಾತ್ರೆ ಬದಲಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ನಿಗಾ ಇಡಲು ವೈರಲ್ ಲೋಡೇ ಮೇಲು ಅಂತ ಹೇಳಿತು. ಈಗ ನಮ್ಮಲ್ಲಿ ಮಾತ್ರೆ ಶುರುವಾದ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ವೈರಲ್ ಲೋಡ್. ಸಿಡಿ4 350 ದಾಟಿ, ಅದೇ ಹೊತ್ತಿಗೆ ವೈರಲ್ ಲೋಡ್ 1,000ಕ್ಕಿಂತ ಕೆಳಗಿದ್ದರೆ ಸಿಡಿ4 ನಿಲ್ಲಿಸುತ್ತಾರೆ. ಇದು ನಮ್ಮ ದೇಶದ ಜಿಪುಣತನ ಅಂದುಕೊಳ್ಳಬೇಡಿ. ಅಮೆರಿಕದ ಮಾರ್ಗಸೂಚಿಯಲ್ಲೂ ವೈರಸ್ ಎರಡು ವರ್ಷ ಅಡಗಿದ್ದು ಸಿಡಿ4 500ರ ಮೇಲಿದ್ದವರಿಗೆ ಆ ಪರೀಕ್ಷೆ ಬೇಕಿದ್ದರೆ ಮಾಡಿ, ಬೇಡದಿದ್ದರೆ ಬಿಡಿ ಅಂತಲೇ ಇದೆ. ದುಡ್ಡು ಉಳಿಯುವುದೂ ನಿಜ, ಸುಳ್ಳು ಯಾಕೆ ಹೇಳಲಿ. ಆದರೆ ಕಾರಣ ಅದೊಂದೇ ಅಲ್ಲ.

ಸಿಡಿ4 ನಂಬಿ ಮಾತ್ರೆ ಬಿಟ್ಟರೆ ಏನಾಗುತ್ತದೆ ಅಂತ ನೋಡಿದ ಒಂದು ದೊಡ್ಡ ಅಧ್ಯಯನವೂ ಇದೆ, ಸ್ಮಾರ್ಟ್ ಅಂತ ಹೆಸರು. 350ರ ಮೇಲಿದ್ದಾಗ ಮಾತ್ರೆ ನಿಲ್ಲಿಸುವುದು, 250ಕ್ಕೆ ಇಳಿದರೆ ಮತ್ತೆ ಶುರು ಮಾಡುವುದು. ಕೇಳಲು ಎಷ್ಟು ಚಂದ ಅಲ್ವಾ? 2006ರಲ್ಲಿ ಅದನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಮಾತ್ರೆ ನಿಲ್ಲಿಸಿದ ಗುಂಪಿನಲ್ಲಿ ಸಾವು, ಕಾಯಿಲೆ ಎರಡೂ ಜಾಸ್ತಿ. ಬರೀ ಏಡ್ಸ್ ಕಾಯಿಲೆಗಳಲ್ಲ, ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ. 2015ರಲ್ಲಿ ಸ್ಟಾರ್ಟ್ ಅನ್ನೋ ಇನ್ನೊಂದು ಅಧ್ಯಯನ 500ರ ಮೇಲಿದ್ದವರಿಗೂ ಕೂಡಲೇ ಮಾತ್ರೆ ಕೊಟ್ಟರೆ ಲಾಭ ಅಂತ ತೋರಿಸಿತು. 600 ಇದೆಯಲ್ಲ, ಸ್ವಲ್ಪ ದಿನ ರಜೆ ತಗೊಳ್ಳೋಣ ಅನ್ನುವವರು ನಮ್ಮ ಓಪಿಡಿಗೆ ಈಗಲೂ ಬರುತ್ತಾರೆ.

ಕಾವೇರಿ_ಕಟ್ಟೆ
ನಾನು ಮಂಡ್ಯದವನು, ನನಗೆ ಹೀಗೆ ಅರ್ಥ ಆಗಿದ್ದು. ಸಿಡಿ4 ಅಂದರೆ ಕೆಆರ್‌ಎಸ್ ನೀರಿನ ಮಟ್ಟ. ವೈರಲ್ ಲೋಡ್ ಅಂದರೆ ಕಟ್ಟೆಯಲ್ಲಿ ಬಿರುಕು ಇದೆಯಾ ಇಲ್ಲವಾ ಅನ್ನೋದು. ಬಿರುಕೇ ಇಲ್ಲದಾಗ ಮಟ್ಟ ಇವತ್ತು ಒಂದು ಅಡಿ ಇಳಿಯಿತು ಅಂತ ಪೇಪರ್ ಹಿಡಿದು ಕೂರೋದು ಯಾಕೆ?

ಮೆಡಿಸಿನ್_ಪಿಜಿ
ಚೆನ್ನಾಗಿದೆ, ಆದರೆ ಪೂರ್ತಿ ಅಲ್ಲ. ಮಟ್ಟ ತಳಕ್ಕೆ ಹೋಗಿದ್ದರೆ ಬಿರುಕು ಮುಚ್ಚಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. ಅಲ್ಲಿ ಸಿಡಿ4 ಬೇಕೇ ಬೇಕು. ಹೊಸದಾಗಿ ಪಾಸಿಟಿವ್ ಬಂದವರಿಗೆ ಮೊದಲ ಸಿಡಿ4 ತಪ್ಪಿಸುವ ಹಾಗಿಲ್ಲ. ಮಾತ್ರೆ ಕೊಡಬೇಕಾ ಅಂತ ನೋಡಲು ಅಲ್ಲ, ಆಗಲೇ ಎಷ್ಟು ಹಾನಿಯಾಗಿದೆ ಅಂತ ನೋಡಲು. 200ಕ್ಕಿಂತ ಕಡಿಮೆ ಇದ್ದರೆ ನ್ಯುಮೋಸಿಸ್ಟಿಸ್ ನ್ಯುಮೋನಿಯಾ ಭಯ. 100ಕ್ಕಿಂತ ಕೆಳಗೆ ಕ್ರಿಪ್ಟೋಕಾಕಸ್ ಅನ್ನೋ ಶಿಲೀಂಧ್ರ ಮೆದುಳಿಗೆ ಏರಬಹುದು. 50ರ ಕೆಳಗೆ ಸಿಎಂವಿ ಅನ್ನೋ ವೈರಸ್ ಕಣ್ಣನ್ನೇ ತೆಗೆಯಬಹುದು. 350ಕ್ಕಿಂತ ಕಡಿಮೆ ಇದ್ದವರಿಗೆ ಸೋಂಕು ತಡೆಯುವ ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಡುವುದು, ಆರು ತಿಂಗಳ ಅಂತರದಲ್ಲಿ ಎರಡು ಸಲ 350 ದಾಟಿದ ಮೇಲೆ ಅದನ್ನು ನಿಲ್ಲಿಸುವುದು, ಎಲ್ಲ ಸಿಡಿ4 ನೋಡಿಯೇ. ಈಗ ಚಿಂತೆ ಏನಂದರೆ "ಹೇಗೂ ಎಲ್ಲರಿಗೂ ಮಾತ್ರೆ ಇದೆಯಲ್ಲ" ಅಂತ ಈ ಮೊದಲ ಪರೀಕ್ಷೆಯೇ ಅಲ್ಲಲ್ಲಿ ಸಡಿಲ ಆಗುತ್ತಿದೆ. ಬಸಣ್ಣನವರಂಥವರು 600 ಇರುವಾಗ ದುಡ್ಡು ಕೊಟ್ಟು ಮಾಡಿಸುತ್ತಾರೆ, 60 ಇರುವವನಿಗೆ ಪರೀಕ್ಷೆಯೇ ಆಗಿರುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ನ್ಯಾಚುರಲ್_ಲೈಫ್_99
ಸಿಡಿ4 ಹೆಚ್ಚಿಸಲು ನಮ್ಮಲ್ಲಿ ಗಿಡಮೂಲಿಕೆ ಪುಡಿ ಇದೆ. 3 ತಿಂಗಳಲ್ಲಿ 200ರಿಂದ 700. ಇನ್‌ಬಾಕ್ಸ್‌ಗೆ ಬನ್ನಿ.

ನಿರ್ವಾಹಕ
ಮೇಲಿನವರಿಗೆ ಎಚ್ಚರಿಕೆ. ಫೋನ್ ನಂಬರ್ ಹಾಕಿದ್ದನ್ನು ತೆಗೆದಿದ್ದೇನೆ. ಪೋಸ್ಟನ್ನು ಜನ ನೋಡಲಿ ಅಂತ ಹಾಗೇ ಬಿಟ್ಟಿದ್ದೇನೆ.

ಲ್ಯಾಬ್_ಮಂಜ
ಪುಡಿ ಸ್ವಾಮಿಗಳೇ, ಜ್ವರದಲ್ಲಿ ಇಳಿದ ಸಿಡಿ4 ಜ್ವರ ಬಿಟ್ಟ ಮೇಲೆ ತಾನೇ ಏರುತ್ತದೆ. ಮಾತ್ರೆ ಶುರು ಮಾಡಿದ ಮೊದಲ ವರ್ಷದಲ್ಲೂ ಏರುತ್ತದೆ, ಎಷ್ಟೋ ಜನಕ್ಕೆ ನೂರರ ಆಚೀಚೆ. ಅದೇ ಹೊತ್ತಿಗೆ ನಿಮ್ಮ ಪುಡಿ ಕೊಟ್ಟು ಹೆಸರು ತಗೊಳ್ಳುತ್ತೀರಿ. ಏಡ್ಸ್ ವಾಸಿ ಮಾಡುತ್ತೇವೆ ಅಂತ ಯಾವ ಔಷಧಿಯವರೂ ಹೇಳಿಕೊಳ್ಳುವ ಹಾಗಿಲ್ಲ. ಕಾನೂನಿನ ಶೆಡ್ಯೂಲ್ ಜೆ ಪಟ್ಟಿಯಲ್ಲಿ ಮೊದಲ ಹೆಸರೇ ಅದು.

ದೀಪಾ_ಕೌನ್ಸೆಲರ್
ಪುಡಿಯಿಂದ ದುಡ್ಡು ಹೋದರೆ ಹೋಗಲಿ. ಪುಡಿ ನಂಬಿ ಮಾತ್ರೆ ಬಿಡುತ್ತಾರಲ್ಲ, ಅದು ಜೀವಕ್ಕೆ ಬರುತ್ತದೆ. ಇನ್ನೊಂದು ಮಾತು, ಟಿಎಲ್‌ಡಿ ತಗೊಳ್ಳುವವರು ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಎಸಿಡಿಟಿ ಸಿರಪ್ ಇವನ್ನೆಲ್ಲ ಜೊತೆಗೇ ತಗೊಳ್ಳುವ ಮೊದಲು ಸೆಂಟರಿನಲ್ಲಿ ಕೇಳಿ. ಡೊಲುಟೆಗ್ರಾವಿರ್ ಮೈಗೆ ಹತ್ತುವುದಕ್ಕೆ ಅವು ಅಡ್ಡ ಬರುತ್ತವೆ.

ಸಾವಿತ್ರಮ್ಮ_ಅಜ್ಜಿ
ನನ್ನ ಪರವಾಗಿ ನನ್ನ ತಮ್ಮನ ಮಗ ಟೈಪ್ ಮಾಡುತ್ತಿದ್ದಾನೆ. ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ. ಅಪ್ಪ ಅಮ್ಮ ಇಬ್ಬರೂ ಇಲ್ಲ. ನಾನೇ ಮಾತ್ರೆ ಕರಗಿಸಿ ಕುಡಿಸುತ್ತೇನೆ. ಎರಡು ವರ್ಷದ ಹಿಂದೆ ಸಿಡಿ4 1,500 ಇತ್ತಂತೆ, ಈಗ 980. ಅಲ್ಲಿ ಬರುವ ದೊಡ್ಡವರಿಗೆಲ್ಲ 500, 600 ಇರುವುದು. ಅದಕ್ಕೆ ಹೋಲಿಸಿದರೆ ಜಾಸ್ತಿಯೇ ಅಲ್ಲವಾ? ಆದರೆ ಇಳಿದಿದೆ. ಏನು ತಿಳಿಯಬೇಕು ನಾನು?

ಮೆಡಿಸಿನ್_ಪಿಜಿ
ಅಜ್ಜಿ, ಶೇಕಡಾ ಎಷ್ಟು ಅಂತ ಬರೆದಿದ್ದಾರೆ ನೋಡಿಸಿ ಹೇಳಿ.

ಸಾವಿತ್ರಮ್ಮ_ಅಜ್ಜಿ
ಮೊದಲು 29, ಈಗ 31 ಅಂತ ಇದೆಯಂತೆ.

ಮೆಡಿಸಿನ್_ಪಿಜಿ
ಹಾಗಾದರೆ ಒಳ್ಳೆಯದೇ ಅಜ್ಜಿ. ಹುಟ್ಟಿದ ಹೊಸದರಲ್ಲಿ ಮಕ್ಕಳ ಮೈಯಲ್ಲಿ ಈ ಕೋಶಗಳು ದೊಡ್ಡವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತವೆ. ಆರೋಗ್ಯವಾಗಿರುವ ಮಗುವಿಗೂ ಬೆಳೆಯುತ್ತಾ ಅದು ಇಳಿಯುತ್ತದೆ. ಅದಕ್ಕೇ ಐದು ವರ್ಷದೊಳಗಿನ ಮಕ್ಕಳಿಗೆ ಸಂಖ್ಯೆಗಿಂತ ಶೇಕಡಾ ನೋಡುವುದು. ವರ್ಷದೊಳಗಿನ ಕೂಸಿಗೆ ಶೇ. 25ಕ್ಕಿಂತ ಕಡಿಮೆ ಇದ್ದರೆ ಗಂಭೀರ. ಮೂರರಿಂದ ಐದು ವರ್ಷದವರಿಗೆ ಶೇ. 15ಕ್ಕಿಂತ ಕಡಿಮೆ ಇದ್ದರೆ ಗಂಭೀರ. ನಿಮ್ಮ ಮೊಮ್ಮಗಳದು 31. ದೊಡ್ಡವರ ಸಂಖ್ಯೆ ಜೊತೆ ಹೋಲಿಸಲೇಬೇಡಿ. ಐದು ದಾಟಿದ ಮೇಲೆ ದೊಡ್ಡವರ ಲೆಕ್ಕವೇ ಅವಳಿಗೂ. ತೂಕ ಹೆಚ್ಚಾಗುತ್ತಿದೆಯಾ? ಮಾತ್ರೆಯ ಅಳತೆ ತೂಕದ ಮೇಲೆ. ಪ್ರತಿ ಸಲ ಹೋದಾಗ ತೂಕ ಹಾಕಿಸಿ, ಹೆಚ್ಚಾಗಿದ್ದರೆ ಅಳತೆ ಬದಲಿಸಬೇಕಾ ಅಂತ ಕೇಳಿ. ವೈರಲ್ ಲೋಡ್ ಆಗಿದೆಯಾ ಅಂತಲೂ ಕೇಳಿ.

ಸಾವಿತ್ರಮ್ಮ_ಅಜ್ಜಿ
ತೂಕ ಹೆಚ್ಚಾಗಿದೆ ಮಗಾ. ಅಂಗನವಾಡಿಗೆ ಹೋಗಿ ಎರಡು ಮೊಟ್ಟೆ ತಿನ್ನುತ್ತೇನೆ ಅಂತ ಹಟ ಮಾಡುತ್ತಾಳೆ. ನಿಮಗೆ ಒಳ್ಳೆಯದಾಗಲಿ.

ಹಾಸನದ_ಹೆಣ್ಣು
ನಾನು ಏಳು ತಿಂಗಳ ಗರ್ಭಿಣಿ. ವೈರಲ್ ಲೋಡ್ ಇಲ್ಲ, ಸಿಡಿ4 540ರಿಂದ 430 ಆಯ್ತು. ಮಗುವಿಗೆ ಹೋಗುತ್ತದಾ ಅಂತ ಭಯ.

ದೀಪಾ_ಕೌನ್ಸೆಲರ್
ತಂಗೀ, ಬಸಿರಿನಲ್ಲಿ ರಕ್ತದ ನೀರಿನಂಶ ಹೆಚ್ಚಾಗುತ್ತದೆ, ಅದಕ್ಕೆ ಎಣಿಕೆ ಕಡಿಮೆ ಕಾಣುತ್ತದೆ. ಹೆರಿಗೆ ಆದಮೇಲೆ ಮೇಲೆ ಬರುತ್ತದೆ. ಮಗುವಿಗೆ ಹೋಗುವುದು ಬಿಡುವುದು ಹೆಚ್ಚಾಗಿ ವೈರಲ್ ಲೋಡ್ ಮೇಲೆ, ಅದು ನಿಮಗೆ ಅಡಗಿದೆ. ಮಾತ್ರೆ ಒಂದು ದಿನವೂ ಬಿಡಬೇಡಿ. ಹೆರಿಗೆ ಎಲ್ಲಿ ಅಂತ ಸೆಂಟರಿಗೆ ಈಗಲೇ ಹೇಳಿಡಿ, ಮಗುವಿಗೆ ಹುಟ್ಟಿದ ಕೂಡಲೇ ಕೊಡುವ ಸಿರಪ್ ಸಿದ್ಧ ಇರಬೇಕು.

ಗೊಂದಲ_ಗಣಪ
ಸಣ್ಣ ಪ್ರಶ್ನೆ. ನನಗೆ ಎಚ್‌ಐವಿ ಪರೀಕ್ಷೆಗೆ ಹೋಗಲು ನಾಚಿಕೆ. ಸುಮ್ನೆ ಹೊರಗೆ ಸಿಡಿ4 ಮಾಡಿಸಿದರೆ ಗೊತ್ತಾಗುತ್ತದಾ?

ಲ್ಯಾಬ್_ಮಂಜ
ಇಲ್ಲ. ಆರೋಗ್ಯವಂತರಿಗೆ ಸುಮಾರು 500ರಿಂದ 1,500. ಎಚ್‌ಐವಿ ಬಂದು ವರ್ಷಗಳವರೆಗೆ ಅಷ್ಟೇ ಇರಬಹುದು. ಟಿಬಿಯಲ್ಲಿ, ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಎಚ್‌ಐವಿ ಇಲ್ಲದೆಯೂ ಕಡಿಮೆ ಇರಬಹುದು. ಐಸಿಟಿಸಿಗೆ, ಅಂದರೆ ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಜಿಲ್ಲಾ ಆಸ್ಪತ್ರೆಯಲ್ಲಿ ಇರುತ್ತದೆ, ದುಡ್ಡಿಲ್ಲ. ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಬೇರೆ ಬೇರೆ ಕಿಟ್‌ಗಳಲ್ಲಿ ಇನ್ನೆರಡು ಸಲ ನೋಡಿಯೇ ಹೇಳುತ್ತಾರೆ. ನಾಚಿಕೆ ಆದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಹೆಸರು ಹೇಳಬೇಕಾಗಿಲ್ಲ.

ಮರಳಿ_ಬಂದವ
ಎಲ್ಲ ಓದಿದೆ. ನಾನು ಹೇಳಿಕೊಳ್ಳಲು ಹಿಂಜರಿಯುತ್ತಿದ್ದೆ. ಕೆಲಸಕ್ಕೆ ಅಂತ ಬೇರೆ ರಾಜ್ಯಕ್ಕೆ ಹೋದವನು ಮಾತ್ರೆ ಬಿಟ್ಟೆ. ವರ್ಷದ ಮೇಲಾಯ್ತು. ತೂಕ ಇಳಿದಿದೆ, ಬಾಯೊಳಗೆ ಬಿಳಿ ಪದರ ಕಟ್ಟಿದೆ. ಒಂದು ವಾರದಿಂದ ತಲೆನೋವು, ಗುಳಿಗೆ ತಗೊಂಡರೂ ಬಿಡುತ್ತಿಲ್ಲ. ಸೆಂಟರಿಗೆ ಹೋದರೆ ಬೈಯುತ್ತಾರೆ. ಮೊದಲು ಹೊರಗೆ ಸಿಡಿ4 ಮಾಡಿಸಿ, ಹಳೇ ಡಬ್ಬಿಯಲ್ಲಿ ಉಳಿದ ಟಿಎಲ್‌ಡಿ ಶುರು ಮಾಡಿಕೊಂಡು, ಸ್ವಲ್ಪ ಏರಿದ ಮೇಲೆ ಹೋಗೋಣ ಅಂತಿದ್ದೇನೆ.

ಮೆಡಿಸಿನ್_ಪಿಜಿ
ಬೇಡ. ದಯವಿಟ್ಟು ಬೇಡ. ಈ ಎರಡೂ ಬೇಡ. ಮಾತ್ರೆ ಬಿಟ್ಟವರಿಗೆ ಬಿಡದ ತಲೆನೋವು ಅಂದರೆ ಮೊದಲು ನೋಡಬೇಕಾದದ್ದು ಆಗ ಹೇಳಿದ ಕ್ರಿಪ್ಟೋಕಾಕಸ್ ಮತ್ತು ಮೆದುಳಿನ ಟಿಬಿ. ಅವು ಇದ್ದು, ಅದಕ್ಕೆ ಮದ್ದು ಶುರುವಾಗದೆ ಎಚ್‌ಐವಿ ಮಾತ್ರೆ ತಗೊಂಡರೆ, ಮೈಯ ರೋಗನಿರೋಧಕ ಶಕ್ತಿ ದಿಢೀರ್ ಎದ್ದು ಮೆದುಳಿನೊಳಗೆ ಊತ ಬಂದು ಪ್ರಾಣಕ್ಕೇ ಬರಬಹುದು. ಆ ಕಾಯಿಲೆಗಳಿದ್ದರೆ ಬೇಕಂತಲೇ ಕನಿಷ್ಠ ನಾಲ್ಕು ವಾರ ತಡಮಾಡಿ ಮಾತ್ರೆ ಶುರು ಮಾಡುತ್ತೇವೆ. ಹಾಗಾಗಿ ಹಳೇ ಡಬ್ಬಿ ಮುಟ್ಟಬೇಡಿ. ನಿಮಗೆ ಸಿಡಿ4 ಬೇಕು, ನಿಜ. ಆದರೆ ಆಸ್ಪತ್ರೆಯಲ್ಲೇ, ಅದರ ಜೊತೆ ಕ್ರಿಪ್ಟೋಕಾಕಲ್ ಆಂಟಿಜೆನ್ ರಕ್ತ ಪರೀಕ್ಷೆ, ಕಫದ ಪರೀಕ್ಷೆ, ಬೇಕಾದರೆ ಬೆನ್ನಿನ ನೀರು. ಹೊರಗಿನ ರಿಪೋರ್ಟಿಗೆ ಕಾಯುವಷ್ಟು ಟೈಮ್ ನಿಮ್ಮ ಹತ್ತಿರ ಇಲ್ಲ. ವಾಂತಿ ಇದೆಯಾ? ಕಣ್ಣು ಮಂಜಾಗುತ್ತದಾ? ಇದ್ದರೆ ಬೆಳಗಾಗುವವರೆಗೂ ಕಾಯಬೇಡಿ, ಈಗಲೇ ಜಿಲ್ಲಾ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.

ಮರಳಿ_ಬಂದವ
ವಾಂತಿ ಇಲ್ಲ. ಕಣ್ಣು ಸರಿ ಇದೆ. ಜ್ವರ ಸಂಜೆ ಹೊತ್ತು ಬರುತ್ತದೆ. ಸೆಂಟರಿನವರು ಕೊಟ್ಟಿದ್ದ ಚಿಕಿತ್ಸೆಯ ಗ್ರೀನ್ ಬುಕ್ ಎಲ್ಲೋ ಕಳೆದುಹೋಗಿದೆ, ಅದಿಲ್ಲದೆ ಒಳಗೆ ಬಿಡುತ್ತಾರಾ?

ದೀಪಾ_ಕೌನ್ಸೆಲರ್
ಬಿಡುತ್ತಾರೆ ಅಣ್ಣ. ಗ್ರೀನ್ ಬುಕ್ ನಿಮ್ಮ ಕೈಯಲ್ಲಿರುವುದು ಮಾತ್ರ, ನಿಮ್ಮ ಚಿಕಿತ್ಸೆಯ ದಾಖಲೆಯಾದ ವೈಟ್ ಕಾರ್ಡ್ ಸೆಂಟರಿನಲ್ಲೇ ಇರುತ್ತದೆ, ಎಷ್ಟು ವರ್ಷ ಬಿಟ್ಟಿದ್ದರೂ. ಹೊಸ ಬುಕ್ ಮಾಡಿಕೊಡುತ್ತಾರೆ. ಬೆಳಗ್ಗೆ ಓಪಿಡಿ ಶುರುವಾಗುವ ಮೊದಲೇ ಹೋಗಿ. ಮೊದಲು ಸಿಕ್ಕ ನರ್ಸಿಗೇ "ಮಾತ್ರೆ ಬಿಟ್ಟಿದ್ದೆ, ಒಂದು ವಾರದಿಂದ ತಲೆನೋವು, ಸಂಜೆ ಜ್ವರ" ಅಂತ ಹೇಳಿ, ಕ್ಯೂನಲ್ಲಿ ನಿಲ್ಲಬೇಡಿ. ಬೈದರೆ ಬೈಸಿಕೊಳ್ಳಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಅಡ್ಮಿಟ್ ಮಾಡಬಹುದು. ಯಾವ ಜಿಲ್ಲೆ ಅಂತ ನನಗೆ ಇನ್‌ಬಾಕ್ಸ್‌ನಲ್ಲಿ ಹೇಳಿ, ಅಲ್ಲಿಯ ಕೌನ್ಸೆಲರಿಗೆ ಇವತ್ತೇ ಫೋನ್ ಮಾಡುತ್ತೇನೆ.